ರಕ್ತ ಕೊಟ್ಟದ್ದು ಮುಟ್ಟಿನ ಎಷ್ಟನೇ ದಿನ? ಇನ್ಸುಲಿನ್ ಮೇಲೆ ಲೈಂಗಿಕ ಹಾರ್ಮೋನುಗಳ ಪ್ರಭಾವವನ್ನು ಗುರುತಿಸುವ ಬಗೆ

ಲ್ಯಾಬ್ ರಿಪೋರ್ಟಿನಲ್ಲಿ ಖಾಲಿ ಹೊಟ್ಟೆಯ ಇನ್ಸುಲಿನ್ 18 ಎಂದು ಬಂದಿದೆ. ಇದು ಹೆಚ್ಚೋ, ಕಡಿಮೆಯೋ, ಸರಿಯೋ? ಸಂಖ್ಯೆಯೊಂದನ್ನೇ ಹಿಡಿದುಕೊಂಡರೆ ಉತ್ತರ ಸಿಗುವುದಿಲ್ಲ. ಅದೇ ಹೊತ್ತಿನ ಸಕ್ಕರೆ ಎಷ್ಟಿತ್ತು, ಮುಟ್ಟಾಗಿ ಎಷ್ಟನೇ ದಿನ, ಗರ್ಭನಿರೋಧಕ ಗುಳಿಗೆ ನಡೆಯುತ್ತಿದೆಯೇ, ಮುಟ್ಟು ನಿಂತು ಎಷ್ಟು ವರ್ಷವಾಯಿತು, ಗಂಡಸಾದರೆ ಟೆಸ್ಟೋಸ್ಟೆರಾನ್ ಎಷ್ಟಿದೆ ಎನ್ನುವುದೆಲ್ಲ ಗೊತ್ತಿರಬೇಕು. ರಿಪೋರ್ಟಿನಲ್ಲಿ ಈ ವಿವರಗಳಿಗೆ ಜಾಗವೇ ಇರುವುದಿಲ್ಲ. ಅವನ್ನು ನೀವೇ ಬರೆದಿಟ್ಟುಕೊಳ್ಳಬೇಕು. ಏನು ಬರೆಯಬೇಕು, ಯಾವಾಗ ಪರೀಕ್ಷೆ ಮಾಡಿಸಬೇಕು, ಬಂದ ಸಂಖ್ಯೆಯನ್ನು ಹೇಗೆ ಓದಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇವೆ.

ಮೊದಲು ಎರಡು ಲೆಕ್ಕಗಳನ್ನು ಬೇರೆ ಮಾಡಿ

ಮೇದೋಜೀರಕ ಗ್ರಂಥಿ ಎಷ್ಟು ಇನ್ಸುಲಿನ್ ತಯಾರಿಸುತ್ತಿದೆ ಎಂಬುದು ಒಂದು ಲೆಕ್ಕ. ದೇಹಕ್ಕೆ ಎಷ್ಟು ಬೇಕಾಗಿದೆ ಎಂಬುದು ಇನ್ನೊಂದು. ಲೈಂಗಿಕ ಹಾರ್ಮೋನುಗಳು ಎರಡರ ಮೇಲೂ ಕೆಲಸ ಮಾಡುತ್ತವೆ, ಮತ್ತು ಬಹಳಷ್ಟು ಗೊಂದಲ ಹುಟ್ಟುವುದು ಇವೆರಡನ್ನೂ ಒಂದೇ ಎಂದು ತಿಳಿಯುವುದರಿಂದ. ಸ್ನಾಯು, ಯಕೃತ್ತು, ಕೊಬ್ಬು ಇನ್ಸುಲಿನ್ನಿನ ಮಾತು ಸರಿಯಾಗಿ ಕೇಳದಿದ್ದರೆ ಬೇಡಿಕೆ ಏರುತ್ತದೆ. ಗ್ರಂಥಿ ಗಟ್ಟಿಯಾಗಿದ್ದರೆ ಅಷ್ಟೂ ಪೂರೈಸುತ್ತದೆ, ಸಕ್ಕರೆ ಏರುವುದೇ ಇಲ್ಲ. ಹಾಗಾಗಿ ಇನ್ಸುಲಿನ್ ಹೆಚ್ಚು ಕಂಡರೆ ಗ್ರಂಥಿ ಚೆನ್ನಾಗಿದೆ ಎಂದು ನಿಶ್ಚಿಂತರಾಗುವಂತಿಲ್ಲ. ಅದು ಮಿತಿಮೀರಿ ದುಡಿಯುತ್ತಿರಬಹುದು.

ಬೀಟಾ ಕೋಶದೊಳಗೆ ಏನಾಗುತ್ತದೆ

ಮೇದೋಜೀರಕದಲ್ಲಿ ಸುಮಾರು 10 ಲಕ್ಷ ಪುಟ್ಟ ದ್ವೀಪಗಳಿವೆ. 1869ರಲ್ಲಿ ಪಾಲ್ ಲ್ಯಾಂಗರ್‌ಹಾನ್ಸ್ ಗುರುತಿಸಿದ್ದರಿಂದ ಅವರ ಹೆಸರೇ ಅವಕ್ಕೆ ನಿಂತಿದೆ. ಎಲ್ಲ ದ್ವೀಪಗಳನ್ನು ಕೂಡಿಸಿದರೂ ಗ್ರಂಥಿಯ ತೂಕದಲ್ಲಿ ಶೇ. 1ರಿಂದ 2ರಷ್ಟೇ. ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳಿರುವುದು ಇಲ್ಲಿ.

ಒಂದು ಬೀಟಾ ಕೋಶವನ್ನು ಹತ್ತಿರದಿಂದ ನೋಡಿ. ರಕ್ತದ ಗ್ಲೂಕೋಸ್ ಒಳಗೆ ಬರುತ್ತದೆ, ಗ್ಲೂಕೋಕೈನೇಸ್ ಎಂಬ ಕಿಣ್ವ ಅದನ್ನು ಹಿಡಿದು ಉರಿಸುವ ದಾರಿಗೆ ಹಚ್ಚುತ್ತದೆ, ಕೋಶದ ಇಂಧನವಾದ ಎಟಿಪಿ ಹೆಚ್ಚುತ್ತದೆ. ಎಟಿಪಿ ಹೆಚ್ಚಾದೊಡನೆ ಕೋಶದ ಗೋಡೆಯಲ್ಲಿನ ಪೊಟ್ಯಾಸಿಯಂ ಬಾಗಿಲು ಮುಚ್ಚುತ್ತದೆ, ಕ್ಯಾಲ್ಸಿಯಂ ಬಾಗಿಲು ತೆರೆಯುತ್ತದೆ. ಕ್ಯಾಲ್ಸಿಯಂ ನುಗ್ಗಿದ ಕೂಡಲೇ ಇನ್ಸುಲಿನ್ ತುಂಬಿದ ಸಣ್ಣ ಚೀಲಗಳು ಗೋಡೆಗೆ ಅಂಟಿ ಒಡೆದು ರಕ್ತಕ್ಕೆ ಸುರಿಯುತ್ತವೆ. ಒಂದು ಅಣು ಇನ್ಸುಲಿನ್ ಹೊರಬಿದ್ದಾಗಲೆಲ್ಲ ಅದರ ತಯಾರಿಕೆಯಲ್ಲಿ ಬೇರ್ಪಟ್ಟ ಸಿ-ಪೆಪ್ಟೈಡ್ ಎಂಬ ತುಣುಕಿನ ಒಂದು ಅಣುವೂ ಬೀಳುತ್ತದೆ. ಈ ಮಾತು ಮುಂದೆ ಪರೀಕ್ಷೆಯ ವಿಷಯ ಬಂದಾಗ ಬೇಕಾಗುತ್ತದೆ.

ಈಸ್ಟ್ರೋಜನ್ ಈ ದಾರಿಯಲ್ಲಿ ಹಲವು ಕಡೆ ಕೈಹಾಕುತ್ತದೆ. ಬೀಟಾ ಕೋಶದಲ್ಲಿ ಅದಕ್ಕೆ ಮೂರು ಬಗೆಯ ರಿಸೆಪ್ಟರುಗಳು, ಅಂದರೆ ಹಾರ್ಮೋನು ಬಂದು ಕೂರುವ ತಾಣಗಳು, ಇವೆ: ಆಲ್ಫಾ, ಬೀಟಾ, ಮತ್ತು ಜಿಪಿಇಆರ್. ಗರ್ಭಕೋಶದಲ್ಲಿ ಈಸ್ಟ್ರೋಜನ್ ರಿಸೆಪ್ಟರುಗಳು ಮುಖ್ಯವಾಗಿ ಕೋಶಕೇಂದ್ರದೊಳಗೆ ಕೂತು ಕೆಲಸ ಮಾಡುತ್ತವೆ. ಬೀಟಾ ಕೋಶದಲ್ಲಿ ಹೆಚ್ಚಿನವು ಇರುವುದು ಕೇಂದ್ರದ ಹೊರಗೆ, ಆದ್ದರಿಂದ ಪರಿಣಾಮವೂ ಬೇಗ ಕಾಣಿಸುತ್ತದೆ. ಆಲ್ಫಾ ರಿಸೆಪ್ಟರ್ ಮೂಲಕ ಇನ್ಸುಲಿನ್ ಜೀನಿನ ಕೆಲಸ ಚುರುಕಾಗುತ್ತದೆ, ಅಂದರೆ ತಯಾರಿಕೆಯೇ ಹೆಚ್ಚುತ್ತದೆ. ಬೀಟಾ ರಿಸೆಪ್ಟರ್ ಪೊಟ್ಯಾಸಿಯಂ ಬಾಗಿಲು ಮುಚ್ಚಲು ನೆರವಾಗುತ್ತದೆ, ಅಂದರೆ ಬಿಡುಗಡೆ ಹೆಚ್ಚುತ್ತದೆ. ಎಲ್ಲಕ್ಕಿಂತ ಬೆಲೆಯುಳ್ಳದ್ದು ರಕ್ಷಣೆ. ಬೀಟಾ ಕೋಶಗಳನ್ನು ಕೊಲ್ಲುವ ಸ್ಟ್ರೆಪ್ಟೊಜೊಟೊಸಿನ್ ಎಂಬ ರಾಸಾಯನಿಕ ಕೊಟ್ಟಾಗ ಹೆಣ್ಣಿಲಿಗಳು ಗಂಡಿಲಿಗಳಿಗಿಂತ ಹೆಚ್ಚು ತಡೆದುಕೊಳ್ಳುತ್ತವೆ. ಈಸ್ಟ್ರೋಜನ್ ತಯಾರಿಸಲಾಗದ ಇಲಿಗಳಲ್ಲಿ ಈ ತಾಳಿಕೆ ಹೋಗುತ್ತದೆ, ಹಾರ್ಮೋನು ಕೊಟ್ಟರೆ ಮರಳುತ್ತದೆ. 2006ರಲ್ಲಿ ಪ್ರಕಟವಾದ ಈ ಕೆಲಸದ ನಂತರವೇ ಬೀಟಾ ಕೋಶ ಮತ್ತು ಈಸ್ಟ್ರೋಜನ್ ಸಂಬಂಧದತ್ತ ಸಂಶೋಧಕರ ಗಮನ ಹೆಚ್ಚಾಗಿ ಹರಿಯಿತು.

ಟೆಸ್ಟೋಸ್ಟೆರಾನ್ ವಿಷಯ ಇಷ್ಟು ನೇರವಲ್ಲ. ಗಂಡಸರ ಬೀಟಾ ಕೋಶದಲ್ಲಿ ಅದು ಜಿಎಲ್‌ಪಿ-1 ಎಂಬ ಕರುಳಿನ ಹಾರ್ಮೋನಿನ ಪರಿಣಾಮಕ್ಕೆ ಬಲ ಕೊಟ್ಟು ಊಟದ ನಂತರದ ಇನ್ಸುಲಿನ್ ಬಿಡುಗಡೆ ಹೆಚ್ಚಿಸುತ್ತದೆ. ಅದೇ ಹಾರ್ಮೋನು ಹೆಂಗಸರಲ್ಲಿ ಅತಿಯಾದರೆ ಬೀಟಾ ಕೋಶ ಬೇಡದ ಹೊತ್ತಿನಲ್ಲೂ ಇನ್ಸುಲಿನ್ ಸುರಿಸುತ್ತ ಹೋಗಿ, ಆಕ್ಸಿಡೇಟಿವ್ ಒತ್ತಡಕ್ಕೆ ಸಿಕ್ಕಿ ಬಳಲುತ್ತದೆ ಎಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಹಾಗಾಗಿ ಟೆಸ್ಟೋಸ್ಟೆರಾನ್ ಗಂಡಸರಲ್ಲಿ ಕಡಿಮೆಯಾದರೂ ತೊಂದರೆ, ಹೆಂಗಸರಲ್ಲಿ ಹೆಚ್ಚಾದರೂ ತೊಂದರೆ.

ಪ್ರೊಜೆಸ್ಟರಾನ್ ಬಗ್ಗೆ ಇಷ್ಟು ಸಾಕು: ಅದು ಹೆಚ್ಚಿರುವ ದಿನಗಳಲ್ಲಿ ಕೆಲವರಲ್ಲಿ ದೇಹ ಇನ್ಸುಲಿನ್ನಿಗೆ ಸ್ವಲ್ಪ ಮೊಂಡಾಗುತ್ತದೆ, ಬೇಡಿಕೆ ಏರುತ್ತದೆ.

ಮೂರು ತಿಂಗಳ ಡೈರಿ

ಮುಟ್ಟಾಗುವವರಿಗೆ, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರಿಗೆ, ದುಬಾರಿ ಹಾರ್ಮೋನ್ ಪರೀಕ್ಷೆಗಿಂತ ಮೊದಲು ಬೇಕಾದದ್ದು ಒಂದು ಡೈರಿ. ಕನಿಷ್ಠ ಮೂರು ಚಕ್ರ ಬರೆಯಬೇಕು. ಒಂದು ಚಕ್ರದ ಏರಿಳಿತಕ್ಕೆ ನಿದ್ದೆಗೆಟ್ಟದ್ದೋ ಶೀತವಾದದ್ದೋ ಕಾರಣವಿದ್ದೀತು. ಮೂರರಲ್ಲೂ ಅದೇ ಜಾಗದಲ್ಲಿ ಬಂದರೆ ಮಾತ್ರ ನಂಬಬಹುದು.

ಸರಿಯಾಗಿ ರಕ್ತಸ್ರಾವ ಶುರುವಾದ ದಿನವೇ ಮೊದಲನೇ ದಿನ. ಹಿಂದಿನ ದಿನ ಕಲೆಯಷ್ಟೇ ಕಂಡಿದ್ದರೆ ಅದನ್ನು ಎಣಿಸಬೇಡಿ. ಪ್ರತಿದಿನ ಬೆಳಿಗ್ಗೆ ಎದ್ದ ಕೂಡಲೇ, ಹಾಸಿಗೆಯಿಂದ ಇಳಿಯುವ ಮೊದಲೇ ಬಾಯಿಯ ಉಷ್ಣಾಂಶ ನೋಡಿ. ಎರಡು ದಶಮಾಂಶ ತೋರಿಸುವ ಥರ್ಮಾಮೀಟರ್ ಬೇಕು, ಏಕೆಂದರೆ ನಾವು ಹುಡುಕುತ್ತಿರುವ ಏರಿಕೆ ಬರೀ 0.3ರಿಂದ 0.5 ಡಿಗ್ರಿ ಸೆಲ್ಸಿಯಸ್. ಅಂಡೋತ್ಪತ್ತಿ ಆದ ಮೇಲೆ ಪ್ರೊಜೆಸ್ಟರಾನ್ ಏರಿ ಉಷ್ಣಾಂಶ ಇಷ್ಟು ಮೇಲೆ ಹೋಗುತ್ತದೆ, ಮುಟ್ಟಾಗುವವರೆಗೂ ಅಲ್ಲೇ ಇರುತ್ತದೆ. ಆಮೇಲೆ ಕೈ ತೊಳೆದು, ಚೆನ್ನಾಗಿ ಒರೆಸಿಕೊಂಡು, ಗ್ಲೂಕೋಮೀಟರಿನಲ್ಲಿ ಖಾಲಿ ಹೊಟ್ಟೆಯ ಸಕ್ಕರೆ ನೋಡಿ. ಬೆರಳಿಗೆ ಹಣ್ಣಿನ ರಸ ತಗುಲಿದ್ದರೂ ಸಾಕು, ಸಂಖ್ಯೆ ಸುಳ್ಳಾಗಿ ಏರುತ್ತದೆ. ವಾರಕ್ಕೆ ಎರಡು ದಿನ ಒಂದೇ ಬಗೆಯ, ಒಂದೇ ಅಳತೆಯ ತಿಂಡಿ ತಿಂದು, ಮೊದಲ ತುತ್ತಿನಿಂದ ಎರಡು ಗಂಟೆಗೆ ಮತ್ತೊಮ್ಮೆ ನೋಡಿ. ನಿದ್ದೆ ಎಷ್ಟು ಗಂಟೆ, ಜ್ವರ ನೆಗಡಿ ಇತ್ತೇ, ಹೆಚ್ಚು ನಡೆದದ್ದಿದೆಯೇ, ಇನ್ಸುಲಿನ್ ಚುಚ್ಚುಮದ್ದಿದ್ದರೆ ಎಷ್ಟು ಯುನಿಟ್ ಎಂಬುದನ್ನೂ ಅದೇ ಸಾಲಿನಲ್ಲಿ ಬರೆಯಿರಿ.

ಅಂಡೋತ್ಪತ್ತಿಯ ದಿನ ಖಚಿತವಾಗಬೇಕಾದರೆ ಅಂಡೋತ್ಪತ್ತಿಗೆ ಮುಂಚೆ ಏರುವ ಎಲ್‌ಎಚ್ ಹಾರ್ಮೋನನ್ನು ಮೂತ್ರದಲ್ಲಿ ತೋರಿಸುವ ಪಟ್ಟಿ ಬಳಸಿ. 28 ದಿನದ ಚಕ್ರವಿದ್ದರೆ 10 ಅಥವಾ 11ನೇ ದಿನದಿಂದ ಶುರು ಮಾಡಿ. ಪಟ್ಟಿಯಲ್ಲಿ ಎರಡನೇ ಗೆರೆ ಗಾಢವಾದ ಮೇಲೆ ಸಾಮಾನ್ಯವಾಗಿ 24ರಿಂದ 36 ಗಂಟೆಗಳಲ್ಲಿ ಅಂಡ ಬಿಡುಗಡೆಯಾಗುತ್ತದೆ. ಪಿಸಿಒಎಸ್ (ಅಂಡಾಶಯದ ಹಾರ್ಮೋನು ಏರುಪೇರಾಗಿ ಮುಟ್ಟು ತಪ್ಪುವ ತೊಂದರೆ) ಇರುವ ಹಲವರಲ್ಲಿ ಎಲ್‌ಎಚ್ ಸದಾ ಮೇಲಿರುವುದರಿಂದ ಪಟ್ಟಿ ದಿನವೂ ಗಾಢವಾಗಿ ಕಂಡು ಮೋಸಮಾಡಬಹುದು. ಅವರು ಉಷ್ಣಾಂಶವನ್ನೇ ನೆಚ್ಚಿಕೊಳ್ಳಲಿ.

ಇನ್ನು ಲೆಕ್ಕ. ಇಲ್ಲಿ ಬಹಳ ಮಂದಿ ಎಡವುತ್ತಾರೆ. ಮೂರು ಚಕ್ರಗಳನ್ನು ಮೊದಲನೇ ದಿನದಿಂದ ಮುಂದಕ್ಕೆ ಜೋಡಿಸಿ 20ನೇ ದಿನಕ್ಕೆ 20ನೇ ದಿನವನ್ನು ಹೋಲಿಸುತ್ತಾರೆ. ಚಕ್ರ ಒಮ್ಮೆ 27 ದಿನ, ಇನ್ನೊಮ್ಮೆ 33 ದಿನ ಇದ್ದರೆ ಆ 20ನೇ ದಿನ ಒಮ್ಮೆ ಅಂಡೋತ್ಪತ್ತಿಯ ನಂತರ ಬೀಳುತ್ತದೆ, ಇನ್ನೊಮ್ಮೆ ಅಂಡೋತ್ಪತ್ತಿಗೆ ಮೊದಲೇ ಅಥವಾ ಅದೇ ದಿನ ಬೀಳುತ್ತದೆ. ಉದ್ದ ಗಿಡ್ಡ ಆಗುವುದು ಹೆಚ್ಚಾಗಿ ಅಂಡೋತ್ಪತ್ತಿಗೆ ಮುಂಚಿನ ಭಾಗ. ನಂತರದ ಭಾಗ ಒಬ್ಬರಲ್ಲಿ ಬಹುಮಟ್ಟಿಗೆ ಒಂದೇ ಇರುತ್ತದೆ, ಸುಮಾರು 12ರಿಂದ 14 ದಿನ. ಆದ್ದರಿಂದ ಹಿಂದಕ್ಕೆ ಎಣಿಸಿ. ಮುಂದಿನ ಮುಟ್ಟು ಬಂದ ದಿನದಿಂದ ಹಿಂದಿನ 7 ದಿನಗಳ ಖಾಲಿ ಹೊಟ್ಟೆಯ ಸಕ್ಕರೆಯ ಸರಾಸರಿ ತೆಗೆಯಿರಿ. ಅದೇ ಚಕ್ರದ 4ರಿಂದ 10ನೇ ದಿನದ ಸರಾಸರಿಯನ್ನು ಪಕ್ಕಕ್ಕಿಡಿ.

ಹೀಗೆ ಬಂದಿದೆ ಎಂದುಕೊಳ್ಳಿ (ಮೊದಲಿನದು 4ರಿಂದ 10ನೇ ದಿನದ ಸರಾಸರಿ, ಎರಡನೆಯದು ಮುಟ್ಟಿಗೆ ಮುಂಚಿನ ವಾರದ್ದು): ಮೊದಲ ಚಕ್ರ 96 ಮತ್ತು 108, ಎರಡನೆಯದು 99 ಮತ್ತು 107, ಮೂರನೆಯದು 95 ಮತ್ತು 109. ಮೂರೂ ಬಾರಿ ಮುಟ್ಟಿಗೆ ಮುಂಚಿನ ವಾರ ಮೇಲೇ ಇದೆ. ಇದು ನಿಜವಾದ ಏರಿಕೆ. ಬದಲಿಗೆ 96 ಮತ್ತು 108, ಆಮೇಲೆ 101 ಮತ್ತು 99, ಆಮೇಲೆ 97 ಮತ್ತು 104 ಬಂದಿದ್ದರೆ ಏನನ್ನೂ ತೀರ್ಮಾನಿಸಬೇಡಿ. ಒಂಟಿ ರೀಡಿಂಗಿನ ಮೇಲಂತೂ ಏನನ್ನೂ ಕಟ್ಟುವಂತಿಲ್ಲ. ಗ್ಲೂಕೋಮೀಟರುಗಳ 2013ರ ಐಎಸ್‌ಒ ಮಾನದಂಡವೇ 100ಕ್ಕಿಂತ ಕೆಳಗೆ 15 ಮಿ.ಗ್ರಾಂ ಅತ್ತಿತ್ತ, 100 ಮತ್ತು ಅದಕ್ಕಿಂತ ಮೇಲೆ ಶೇ. 15 ಅತ್ತಿತ್ತ ಆಗಲು ಬಿಡುತ್ತದೆ. ಇಂದು 94, ನಾಳೆ 103 ಎಂದರೆ ಯಂತ್ರದ ಅಂಚಿನೊಳಗಿನ ವ್ಯತ್ಯಾಸ ಅಷ್ಟೇ. ಏಳು ದಿನದ ಸರಾಸರಿ ಕೇಳುತ್ತಿರುವುದು ಇದಕ್ಕೇ. ತೋಳಿಗೆ ಹಚ್ಚುವ ಸೆನ್ಸರ್ ಇದ್ದರೆ ಕೆಲಸ ಸುಲಭ, ಆದರೆ ಅದೇ ಮಗ್ಗುಲಿಗೆ ಒರಗಿ ಮಲಗಿದಾಗ ಒತ್ತಿಹೋಗಿ ರಾತ್ರಿಯ ಸಕ್ಕರೆ ಸುಳ್ಳಾಗಿ ಕುಸಿದಂತೆ ತೋರಿಸುತ್ತದೆ. ಅಂಥ ಗಂಟೆಗಳನ್ನು ಲೆಕ್ಕದಿಂದ ಬಿಡಿ.

ಡೈರಿಯನ್ನು ಓದುವಾಗ ನಿಮ್ಮ ಸ್ಥಿತಿ ಯಾವುದೆಂದು ನೆನಪಿರಲಿ. ಸಕ್ಕರೆ ಕಾಯಿಲೆ ಇಲ್ಲದವರಲ್ಲಿ ಸಂಖ್ಯೆಗಳು ಹೆಚ್ಚುಕಡಿಮೆ ಸಮನಾಗಿಯೇ ಇರುತ್ತವೆ. ಬೇಡಿಕೆ ಏರಿದಷ್ಟೂ ಗ್ರಂಥಿ ಇನ್ಸುಲಿನ್ ಹೆಚ್ಚಿಸಿ ಸರಿದೂಗಿಸಿರುತ್ತದೆ. ಹಾರ್ಮೋನಿನ ಪರಿಣಾಮ ನಡೆದೇ ಇರಬಹುದು, ಆದರೆ ಕಾಣುವುದು ಸಕ್ಕರೆಯಲ್ಲಲ್ಲ, ಇನ್ಸುಲಿನ್ನಿನಲ್ಲಿ. ಟೈಪ್ 1 ಇರುವವರಲ್ಲಿ ಗ್ರಂಥಿಯ ಇನ್ಸುಲಿನ್ ಬಹುತೇಕ ಇಲ್ಲ, ಹಾಗಾಗಿ ಅವರ ಡೈರಿ ಬೇಡಿಕೆಯನ್ನು ಮಾತ್ರ ನಿಚ್ಚಳವಾಗಿ ತೋರಿಸುತ್ತದೆ. ಟೈಪ್ 2ರಲ್ಲಿ ಎರಡೂ ಬೆರೆತಿರುತ್ತವೆ.

ಟೈಪ್ 1 ಇದ್ದು, ಮುಟ್ಟಿಗೆ ಮುಂಚಿನ ಏರಿಕೆ ಮೂರು ಚಕ್ರಗಳಲ್ಲೂ ಕಂಡಿದ್ದರೆ, ಡೈರಿ ತೋರಿಸಿ ವೈದ್ಯರ ಜೊತೆ ಆ ದಿನಗಳಿಗೆಂದೇ ಬೇರೆ ಬೇಸಲ್ (ಊಟವಿಲ್ಲದ ಹೊತ್ತಿನಲ್ಲೂ ದಿನವಿಡೀ ಬೇಕಾಗುವ) ಇನ್ಸುಲಿನ್ ಪ್ರಮಾಣ ಗೊತ್ತುಮಾಡಿಕೊಳ್ಳಿ. ಶೇ. 10ರಷ್ಟು ಏರಿಸುವುದು ರೂಢಿಯ ಮೊದಲ ಹೆಜ್ಜೆ. ಏರಿಸುವುದಕ್ಕಿಂತ ಇಳಿಸುವುದನ್ನು ಮರೆಯುವುದೇ ಇಲ್ಲಿ ದೊಡ್ಡ ಅಪಾಯ. ರಕ್ತಸ್ರಾವ ಶುರುವಾದೊಡನೆ ಪ್ರೊಜೆಸ್ಟರಾನ್ ಕುಸಿದಿರುತ್ತದೆ, ಬೇಡಿಕೆಯೂ ಇಳಿಯುತ್ತದೆ, ಏರಿಸಿದ ಪ್ರಮಾಣ ಹಾಗೇ ಉಳಿದರೆ ಮೊದಲೆರಡು ರಾತ್ರಿಗಳಲ್ಲಿ ಸಕ್ಕರೆ ಅಪಾಯಕ್ಕೆ ಇಳಿಯುತ್ತದೆ. ಫೋನಿನಲ್ಲಿ ಮುಟ್ಟಿನ ದಿನ ಗುರುತು ಹಾಕುವಾಗಲೇ ಪ್ರಮಾಣ ಹಿಂದಕ್ಕೆ ತರುವ ಜ್ಞಾಪನೆಯನ್ನೂ ಇಟ್ಟುಬಿಡಿ.

ಲ್ಯಾಬಿಗೆ ಹೋಗುವ ದಿನ

ತಳಮಟ್ಟದ ಹಾರ್ಮೋನುಗಳನ್ನು, ಜೊತೆಗೆ ಖಾಲಿ ಹೊಟ್ಟೆಯ ಇನ್ಸುಲಿನ್ ಮತ್ತು ಸಕ್ಕರೆಯನ್ನು, ಮುಟ್ಟಿನ 2ರಿಂದ 5ನೇ ದಿನದೊಳಗೆ ಕೊಡಿ. ಅಂಡೋತ್ಪತ್ತಿ ಆಗಿದೆಯೇ ಎಂದು ನೋಡಲು ಪ್ರೊಜೆಸ್ಟರಾನ್ ಪರೀಕ್ಷೆಯನ್ನು ಮುಂದಿನ ಮುಟ್ಟಿಗೆ ಸುಮಾರು 7 ದಿನ ಮುಂಚೆ ಮಾಡಿಸಬೇಕು. ಎಲ್ಲರಿಗೂ 21ನೇ ದಿನ ಎಂದು ಬರೆದುಕೊಡುವ ಅಭ್ಯಾಸವಿದೆ. ಅದು ಹೊಂದುವುದು 28 ದಿನದ ಚಕ್ರಕ್ಕೆ ಮಾತ್ರ. 35 ದಿನದ ಚಕ್ರದವರು 28ನೇ ದಿನ ಹೋಗಬೇಕು. ಮಿ.ಲೀ.ಗೆ 3 ನ್ಯಾನೊಗ್ರಾಂಗಿಂತ ಹೆಚ್ಚಿದ್ದರೆ ಅಂಡೋತ್ಪತ್ತಿ ಆಗಿದೆ ಎಂದರ್ಥ.

ಗರ್ಭನಿರೋಧಕ ಗುಳಿಗೆ ನುಂಗುತ್ತಿರುವಾಗ ಟೆಸ್ಟೋಸ್ಟೆರಾನ್ ಅಳೆಸಿ ಪ್ರಯೋಜನವಿಲ್ಲ. ಗುಳಿಗೆ ಅಂಡಾಶಯವನ್ನು ತಣ್ಣಗಿರಿಸಿ, ಟೆಸ್ಟೋಸ್ಟೆರಾನನ್ನು ಹಿಡಿದಿಡುವ ಎಸ್‌ಎಚ್‌ಬಿಜಿ ಎಂಬ ಪ್ರೋಟೀನನ್ನು ಏರಿಸುತ್ತದೆ. ಕನಿಷ್ಠ 3 ತಿಂಗಳು ನಿಲ್ಲಿಸಿ ನೋಡಬೇಕು, ಆ ಅವಧಿಗೆ ಗರ್ಭ ತಡೆಯಲು ಬೇರೆ ದಾರಿ ಮಾಡಿಕೊಂಡಿರಬೇಕು. ಇನ್ನೊಂದು ಮೋಸಗಾರ ಬಯೊಟಿನ್. ಕೂದಲು ಉದುರುವುದಕ್ಕೆಂದು ಹೆಚ್ಚು ಪ್ರಮಾಣದ ಬಯೊಟಿನ್ ತೆಗೆದುಕೊಳ್ಳುವವರಲ್ಲಿ ಕೆಲವು ಲ್ಯಾಬ್ ಯಂತ್ರಗಳು ಇನ್ಸುಲಿನ್ನನ್ನು ಸುಳ್ಳಾಗಿ ಕಡಿಮೆ, ಟೆಸ್ಟೋಸ್ಟೆರಾನನ್ನು ಸುಳ್ಳಾಗಿ ಹೆಚ್ಚು ತೋರಿಸುತ್ತವೆ. ಪಿಸಿಒಎಸ್ ಅನುಮಾನವಿದ್ದು ಕೂದಲು ಉದುರುತ್ತಿರುವವರೇ ಈ ಮಾತ್ರೆ ನುಂಗುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇವೆ. ಪರೀಕ್ಷೆಗೆ ಎರಡು ಮೂರು ದಿನ ಮುಂಚೆಯೇ ಬಿಡಿ, ಲ್ಯಾಬಿಗೂ ತಿಳಿಸಿ.

ರಕ್ತ ತೆಗೆದ ಮೇಲೂ ತಪ್ಪು ನುಸುಳುತ್ತದೆ. ನಳಿಕೆಯಲ್ಲಿ ರಕ್ತಕಣಗಳು ಸಕ್ಕರೆ ತಿನ್ನುತ್ತಲೇ ಇರುತ್ತವೆ. ಕಣಗಳನ್ನು ಬೇರ್ಪಡಿಸದೆ ಇಟ್ಟರೆ ಗಂಟೆಗೆ ಶೇ. 5ರಿಂದ 7ರಷ್ಟು ಸಕ್ಕರೆ ಕರಗುತ್ತದೆ. ಫ್ಲೋರೈಡ್ ಇರುವ ಬೂದು ಮುಚ್ಚಳದ ನಳಿಕೆಯೂ ಇದನ್ನು ಪೂರ್ತಿ ತಡೆಯಲು ಒಂದೆರಡು ಗಂಟೆ ಹಿಡಿಯುತ್ತದೆ. ರಕ್ತಕಣ ಒಡೆದುಹೋದ ಮಾದರಿಯಲ್ಲಿ ಇನ್ಸುಲಿನ್ ನಾಶವಾಗಿ ಸಂಖ್ಯೆ ಕಡಿಮೆ ಬರುತ್ತದೆ. ಮನೆಗೆ ಬಂದು ರಕ್ತ ಒಯ್ಯುವ ವ್ಯವಸ್ಥೆಗಿಂತ, ಪರೀಕ್ಷೆ ನಡೆಯುವ ಜಾಗಕ್ಕೇ ಹೋಗಿ ಕೊಡುವುದು ಇನ್ಸುಲಿನ್ ಮಟ್ಟಿಗೆ ಒಳ್ಳೆಯದು. ಬೇರೆ ಬೇರೆ ಕಂಪನಿಗಳ ಇನ್ಸುಲಿನ್ ಅಳತೆಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ, ಆದ್ದರಿಂದ ಪ್ರತಿ ಸಲವೂ ಅದೇ ಲ್ಯಾಬಿಗೆ ಹೋಗಿ.

ಇನ್ಸುಲಿನ್ ಚುಚ್ಚಿಕೊಳ್ಳುವವರಲ್ಲಿ ರಕ್ತದ ಇನ್ಸುಲಿನ್ ಅಳೆದರೆ ಚುಚ್ಚಿದ್ದು ಯಾವುದು, ಗ್ರಂಥಿಯದ್ದು ಯಾವುದು ತಿಳಿಯದು. ಅವರು ಸಿ-ಪೆಪ್ಟೈಡ್ ಮಾಡಿಸಬೇಕು, ಚುಚ್ಚುಮದ್ದಿನಲ್ಲಿ ಅದು ಇರುವುದಿಲ್ಲ. ಇನ್ನೊಂದು ಅನುಕೂಲವಿದೆ: ಗ್ರಂಥಿಯಿಂದ ಹೊರಟ ಇನ್ಸುಲಿನ್ನಿನಲ್ಲಿ ಸುಮಾರು ಅರ್ಧವನ್ನು ಯಕೃತ್ತು ಮೊದಲ ಸುತ್ತಿನಲ್ಲೇ ಹಿಡಿದುಬಿಡುತ್ತದೆ, ಸಿ-ಪೆಪ್ಟೈಡನ್ನು ಮುಟ್ಟುವುದಿಲ್ಲ. ತಯಾರಿಕೆಯ ನಿಜವಾದ ಅಳತೆ ಅದೇ. ಮೂತ್ರಪಿಂಡ ಸೋತವರಲ್ಲಿ ಮಾತ್ರ ಅದು ಸುಳ್ಳಾಗಿ ಏರುತ್ತದೆ.

ಸಂಖ್ಯೆ ಓದುವುದು

1985ರಲ್ಲಿ ರೂಪಿಸಿದ ಹೋಮಾ ಲೆಕ್ಕ ಎರಡು ಸಂಖ್ಯೆಗಳನ್ನು ಕೊಡುತ್ತದೆ. ಇನ್ಸುಲಿನ್ ಮಿ.ಲೀ.ಗೆ ಮೈಕ್ರೊಯುನಿಟ್‌ನಲ್ಲೂ ಸಕ್ಕರೆ ಡಿ.ಎಲ್.ಗೆ ಮಿ.ಗ್ರಾಂನಲ್ಲೂ ಇರಲಿ. ಎರಡನ್ನೂ ಗುಣಿಸಿ 405ರಿಂದ ಭಾಗಿಸಿದರೆ ಪ್ರತಿರೋಧ, ಅಂದರೆ ಬೇಡಿಕೆಯ ಲೆಕ್ಕ. ಇನ್ಸುಲಿನ್ನನ್ನು 360ರಿಂದ ಗುಣಿಸಿ, ಸಕ್ಕರೆಯಿಂದ 63 ಕಳೆದು ಬಂದದ್ದರಿಂದ ಭಾಗಿಸಿದರೆ ಬೀಟಾ ಕೋಶದ ಕೆಲಸ, ಶೇಕಡಾ ಲೆಕ್ಕದಲ್ಲಿ.

ಸಕ್ಕರೆ 90, ಇನ್ಸುಲಿನ್ 6 ಇದ್ದರೆ ಪ್ರತಿರೋಧ 1.3, ಬೀಟಾ ಕೆಲಸ ಶೇ. 80. ಸಕ್ಕರೆ 95, ಇನ್ಸುಲಿನ್ 18 ಇದ್ದರೆ ಪ್ರತಿರೋಧ 4.2, ಬೀಟಾ ಕೆಲಸ ಶೇ. 202. ಎರಡನೆಯವರ ಗ್ರಂಥಿ ಮೊದಲನೆಯವರದ್ದಕ್ಕಿಂತ ಎರಡೂವರೆ ಪಟ್ಟು ಚೆನ್ನಾಗಿದೆ ಎಂದು ಓದಿಬಿಟ್ಟರೆ ಪೂರ್ತಿ ತಪ್ಪು. ಮೂರು ಪಟ್ಟಿಗೂ ಹೆಚ್ಚಾದ ಬೇಡಿಕೆಯನ್ನು ಪೂರೈಸಲು ಅದು ಅಷ್ಟು ದುಡಿಯುತ್ತಿದೆ, ಆದರೂ ಸಕ್ಕರೆ 5 ಮಿ.ಗ್ರಾಂ ಮೇಲೇ ಇದೆ. ಎರಡೂ ಸಂಖ್ಯೆಗಳನ್ನು ಯಾವಾಗಲೂ ಜೋಡಿಯಾಗಿಯೇ ಓದಿ. ಇನ್ಸುಲಿನ್ ಐದಾರು ನಿಮಿಷಕ್ಕೊಮ್ಮೆ ಅಲೆಯಂತೆ ಬರುವುದರಿಂದ, ಮೂಲ ವಿಧಾನದಲ್ಲಿ 5 ನಿಮಿಷಗಳ ಅಂತರದ ಮೂರು ಮಾದರಿಗಳ ಸರಾಸರಿ ಬಳಸಲು ಹೇಳಲಾಗಿತ್ತು. ಒಂದೇ ಮಾದರಿಯ ಲೆಕ್ಕವನ್ನು ದಶಮಾಂಶದವರೆಗೆ ನಂಬಬೇಡಿ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ.

ಕಾಯಿಲೆ ಇದೆಯೋ ಇಲ್ಲವೋ ಎಂದು ಗೊತ್ತುಮಾಡಲು ಹೋಮಾ ಬೇಡ, 75 ಗ್ರಾಂ ಗ್ಲೂಕೋಸ್ ಕುಡಿಸಿ ನೋಡುವ ಪರೀಕ್ಷೆ ಬೇಕು. ಮುಂಚಿನ ಮೂರು ದಿನ ದಿನಕ್ಕೆ ಕನಿಷ್ಠ 150 ಗ್ರಾಂ ಕಾರ್ಬೋಹೈಡ್ರೇಟ್ ತಿಂದಿರಬೇಕು. ಪರೀಕ್ಷೆಗೆಂದು ಮೂರು ದಿನ ಬಿಗಿಯಾಗಿ ಪಥ್ಯ ಮಾಡಿದರೆ ಬೀಟಾ ಕೋಶ ಜಡವಾಗಿ, ಇಲ್ಲದ ಕಾಯಿಲೆ ಇದ್ದಂತೆ ಕಾಣುತ್ತದೆ. ಎರಡು ಗಂಟೆಯ ಸಕ್ಕರೆ 140ರಿಂದ 199 ಇದ್ದರೆ ಅಂಚಿನ ಸ್ಥಿತಿ, 200 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸಕ್ಕರೆ ಕಾಯಿಲೆ. ಗಿಡ್ಡ ದೇಹದವರಿಗೂ ಅದೇ 75 ಗ್ರಾಂ ಹೋಗುವುದರಿಂದ ಅವರ ಎರಡು ಗಂಟೆಯ ಸಂಖ್ಯೆ ಸ್ವಲ್ಪ ಮೇಲೆ ಬರುತ್ತದೆ. ಹೆಂಗಸರಲ್ಲಿ ಎರಡು ಗಂಟೆಯದ್ದೂ ಗಂಡಸರಲ್ಲಿ ಖಾಲಿ ಹೊಟ್ಟೆಯದ್ದೂ ಹೆಚ್ಚು ಕೆಡುವುದು ಕಾಣುವುದಕ್ಕೆ ಇದೂ ಒಂದು ಕಾರಣ. ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಒಂದನ್ನೇ ನೆಚ್ಚುವವರು ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುತ್ತದೆಯೇ ಎಂದು ಕೇಳಿಕೊಳ್ಳಲಿ. ಕಬ್ಬಿಣಾಂಶದ ಕೊರತೆ ಅದನ್ನು ಸುಳ್ಳಾಗಿ ಏರಿಸುತ್ತದೆ, ಇತ್ತೀಚೆಗೆ ಬಹಳ ರಕ್ತ ಹೋಗಿದ್ದರೆ ಸುಳ್ಳಾಗಿ ಇಳಿಸುತ್ತದೆ.

ಪಿಸಿಒಎಸ್ ಇದ್ದರೆ

ಇಲ್ಲಿ ತಯಾರಿಕೆ, ಬೇಡಿಕೆ, ಅಂಡಾಶಯ ಮೂರೂ ಒಂದರ ಬಾಲ ಒಂದು ಹಿಡಿದು ಸುತ್ತುತ್ತವೆ. ಇನ್ಸುಲಿನ್ ಹೆಚ್ಚಾದಷ್ಟೂ ಅಂಡಾಶಯ ಟೆಸ್ಟೋಸ್ಟೆರಾನ್ ಹೆಚ್ಚು ಮಾಡುತ್ತದೆ. ಎಸ್‌ಎಚ್‌ಬಿಜಿ ಇಳಿಯುವುದರಿಂದ ಇರುವ ಟೆಸ್ಟೋಸ್ಟೆರಾನ್ ಕೂಡ ಹೆಚ್ಚು ಸಡಿಲವಾಗಿ ಓಡಾಡುತ್ತದೆ. ಆ ಹೆಚ್ಚುವರಿ ಟೆಸ್ಟೋಸ್ಟೆರಾನ್ ಮತ್ತೆ ಬೇಡಿಕೆಯನ್ನೂ ಬೀಟಾ ಕೋಶದ ಸುರಿತವನ್ನೂ ಏರಿಸುತ್ತದೆ. ಕುತ್ತಿಗೆಯ ಹಿಂಭಾಗ, ಕಂಕುಳು ಮಖಮಲ್ಲಿನಂತೆ ದಪ್ಪಗೆ ಕಪ್ಪಾಗಿದ್ದರೆ ಅದು ಕೊಳೆಯಲ್ಲ, ಉಜ್ಜಿದರೆ ಹೋಗುವುದಿಲ್ಲ. ಇನ್ಸುಲಿನ್ ಹೆಚ್ಚಿರುವುದರ ಗುರುತು ಅದು.

2023ರ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಪಿಸಿಒಎಸ್ ಗೊತ್ತಾದಾಗಲೇ ಸಕ್ಕರೆಯ ಸ್ಥಿತಿ ನೋಡಬೇಕು, ವಯಸ್ಸು ತೂಕ ಎಷ್ಟೇ ಇರಲಿ. ಆಮೇಲೆ 1ರಿಂದ 3 ವರ್ಷಕ್ಕೊಮ್ಮೆ. ಗ್ಲೂಕೋಸ್ ಕುಡಿದು ಮಾಡುವ ಪರೀಕ್ಷೆಯೇ ಇವರಿಗೆ ಸರಿ, ಖಾಲಿ ಹೊಟ್ಟೆಯದೊಂದೇ ಮಾಡಿಸಿದರೆ ತಪ್ಪಿಸಿಕೊಳ್ಳುವವರು ಬಹಳ. ತೂಕ ಹೆಚ್ಚಿದ್ದವರಲ್ಲಿ ಶೇ. 5ರಿಂದ 10 ಇಳಿದರೂ ಮುಟ್ಟು ಮರಳಿ ಕ್ರಮಕ್ಕೆ ಬರುವುದುಂಟು. ಮೆಟ್‌ಫಾರ್ಮಿನ್ ಕೊಟ್ಟರೆ ಊಟದ ಜೊತೆ 500 ಮಿ.ಗ್ರಾಂನಿಂದ ಶುರುಮಾಡಿ ವಾರ ಅಥವಾ ಎರಡು ವಾರಕ್ಕೊಮ್ಮೆ 500 ಏರಿಸುವುದು ರೂಢಿ. ಮೊದಲ ದಿನವೇ ಪೂರ್ತಿ ಪ್ರಮಾಣ ನುಂಗಿ ಹೊಟ್ಟೆ ಕೆಟ್ಟು ಔಷಧವನ್ನೇ ಬಿಟ್ಟವರು ಬೇಕಾದಷ್ಟು ಜನ. ವರ್ಷಗಟ್ಟಲೆ ತೆಗೆದುಕೊಳ್ಳುವವರು ಬಿ12 ನೋಡಿಸುತ್ತಿರಬೇಕು.

ಗಂಡಸರಲ್ಲಿ

ಟೆಸ್ಟೋಸ್ಟೆರಾನ್ ಬೆಳಿಗ್ಗೆ ಹೆಚ್ಚು, ಸಂಜೆಗೆ ಇಳಿಯುತ್ತದೆ. ಏನಾದರೂ ತಿಂದರೂ ಇಳಿಯುತ್ತದೆ. ಖಾಲಿ ಹೊಟ್ಟೆಯಲ್ಲಿ ಬೆಳಿಗ್ಗೆ 10 ಗಂಟೆಯೊಳಗೆ, ಬೇರೆ ಬೇರೆ ಎರಡು ದಿನ ಅಳೆಸದೆ ಕಡಿಮೆ ಎಂದು ಒಪ್ಪಬೇಡಿ. ಜ್ವರ ಬಂದಿದ್ದಾಗ ಅಳೆಸಬೇಡಿ. ಬೊಜ್ಜು ಮತ್ತು ಹೆಚ್ಚಿದ ಇನ್ಸುಲಿನ್ ಎಸ್‌ಎಚ್‌ಬಿಜಿಯನ್ನು ಇಳಿಸುವುದರಿಂದ ಒಟ್ಟು ಟೆಸ್ಟೋಸ್ಟೆರಾನ್ ಕಡಿಮೆ ಕಂಡರೂ ಕೆಲಸಕ್ಕೆ ಸಿಗುವ ಭಾಗ ಸರಿಯಿರಬಹುದು. ಎಸ್‌ಎಚ್‌ಬಿಜಿಯನ್ನೂ ಜೊತೆಗೆ ನೋಡಿಸಿ.

ಟೆಸ್ಟೋಸ್ಟೆರಾನ್ ಚುಚ್ಚುಮದ್ದು ಪಡೆದರೆ ಸಕ್ಕರೆ ಕಾಯಿಲೆ ತಪ್ಪುತ್ತದೆಯೇ? ಆಸ್ಟ್ರೇಲಿಯಾದ ಟಿ4ಡಿಎಂ ಪ್ರಯೋಗದಲ್ಲಿ (2021) 50ರಿಂದ 74 ವಯಸ್ಸಿನ 1,007 ಗಂಡಸರಿಗೆ ಆಹಾರ, ವ್ಯಾಯಾಮದ ಕಾರ್ಯಕ್ರಮದ ಜೊತೆ ಎರಡು ವರ್ಷ ಟೆಸ್ಟೋಸ್ಟೆರಾನ್ ಅಥವಾ ಹುಸಿ ಮದ್ದು ಕೊಟ್ಟರು. ಕೊನೆಗೆ ಎರಡು ಗಂಟೆಯ ಸಕ್ಕರೆ ಕಾಯಿಲೆಯ ಮಟ್ಟದಲ್ಲಿದ್ದವರು ಟೆಸ್ಟೋಸ್ಟೆರಾನ್ ಪಡೆದವರಲ್ಲಿ ಶೇ. 12, ಹುಸಿ ಮದ್ದು ಪಡೆದವರಲ್ಲಿ ಶೇ. 21. ಆದರೆ ಮದ್ದು ಪಡೆದವರಲ್ಲಿ ಶೇ. 22 ಮಂದಿಗೆ ಹೆಮಟೊಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಶೇ. 54 ಅಥವಾ ಅದಕ್ಕಿಂತ ಹೆಚ್ಚಾಗಿ ರಕ್ತ ಗಟ್ಟಿಯಾಯಿತು. ಟ್ರಾವರ್ಸ್ ಎಂಬ ಇನ್ನೊಂದು ಟೆಸ್ಟೋಸ್ಟೆರಾನ್ ಪ್ರಯೋಗದ 2024ರ ವರದಿಯಲ್ಲಿ, ಅಂಚಿನ ಸ್ಥಿತಿಯಲ್ಲಿದ್ದ ಗಂಡಸರು ಕಾಯಿಲೆಗೆ ಜಾರುವುದನ್ನು ಟೆಸ್ಟೋಸ್ಟೆರಾನ್ ಒಂದೇ ತಡೆಯಲಿಲ್ಲ. ಹಾಗಾಗಿ ಸಕ್ಕರೆಗೆಂದೇ ಟೆಸ್ಟೋಸ್ಟೆರಾನ್ ಬೇಡ ಎಂಬುದು ನಮ್ಮ ಅಭಿಪ್ರಾಯ. ಹೊಟ್ಟೆಯ ಸುತ್ತಳತೆ ಇಳಿಸಿ, ಅದು ಟೆಸ್ಟೋಸ್ಟೆರಾನನ್ನೂ ತಾನೇ ಏರಿಸುತ್ತದೆ.

ಪ್ರಾಸ್ಟೇಟ್ ಕ್ಯಾನ್ಸರಿಗೆ ಟೆಸ್ಟೋಸ್ಟೆರಾನ್ ತಗ್ಗಿಸುವ ಚಿಕಿತ್ಸೆ ಪಡೆಯುವವರ ಮಾತು ಬೇರೆ. 2006ರ ದೊಡ್ಡ ಅಧ್ಯಯನವೊಂದರಲ್ಲಿ ಈ ಚುಚ್ಚುಮದ್ದು ಪಡೆದವರಲ್ಲಿ ಸಕ್ಕರೆ ಕಾಯಿಲೆಯ ಅಪಾಯ ಶೇ. 44 ಹೆಚ್ಚಿತ್ತು. ಚಿಕಿತ್ಸೆ ಬಿಡುವ ಪ್ರಶ್ನೆಯಿಲ್ಲ. ಶುರುವಾಗುವ ಮುನ್ನ ಸಕ್ಕರೆ ಮತ್ತು ಎಚ್‌ಬಿಎ1ಸಿ ನೋಡಿಸಿ, ಮೊದಲ ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ ಮತ್ತೆ ನೋಡಿಸುತ್ತಿರಿ.

ಬಸಿರು, ಬಾಣಂತನ

ಬಸಿರಿನಲ್ಲಿ ಬೇಡಿಕೆ ಏರುವಷ್ಟು ಬೇರೆ ಯಾವಾಗಲೂ ಏರುವುದಿಲ್ಲ. ಕೊನೆಯ ತಿಂಗಳುಗಳಲ್ಲಿ ದೇಹ ಇನ್ಸುಲಿನ್ನಿಗೆ ಸ್ಪಂದಿಸುವುದು ಅರ್ಧಕ್ಕೆ ಇಳಿಯುತ್ತದೆ, ಗ್ರಂಥಿ ಎರಡು ಪಟ್ಟಿಗೂ ಹೆಚ್ಚು ಇನ್ಸುಲಿನ್ ಕೊಟ್ಟು ದೂಗಿಸುತ್ತದೆ. ಮಾಸಿನ ಲ್ಯಾಕ್ಟೋಜನ್ ಮತ್ತು ಪ್ರೊಲ್ಯಾಕ್ಟಿನ್ ಹಾರ್ಮೋನುಗಳು ಬೀಟಾ ಕೋಶವನ್ನು ಇದಕ್ಕೆ ಸಜ್ಜು ಮಾಡುತ್ತವೆ. ಆ ಸಜ್ಜು ಸಾಲದವರಲ್ಲಿ ಬಸಿರಿನ ಸಕ್ಕರೆ ಕಾಯಿಲೆ ಕಾಣುತ್ತದೆ. 24ರಿಂದ 28ನೇ ವಾರದಲ್ಲಿ 75 ಗ್ರಾಂ ಪರೀಕ್ಷೆ ಮಾಡಿದಾಗ ಖಾಲಿ ಹೊಟ್ಟೆ 92, ಒಂದು ಗಂಟೆ 180, ಎರಡು ಗಂಟೆ 153. ಇವುಗಳಲ್ಲಿ ಯಾವುದೊಂದು ಮುಟ್ಟಿದರೂ ಕಾಯಿಲೆ ಎಂದೇ ಲೆಕ್ಕ.

ಮಾಸು ಬಿದ್ದ ಕೆಲವೇ ಗಂಟೆಗಳಲ್ಲಿ ಬೇಡಿಕೆ ಕುಸಿಯುತ್ತದೆ. ಟೈಪ್ 1 ಇರುವ ತಾಯಿಗೆ ಹೆರಿಗೆಯ ಹಿಂದಿನ ದಿನದ ಪ್ರಮಾಣವನ್ನೇ ಮುಂದುವರಿಸಿದರೆ ಸಕ್ಕರೆ ಅಪಾಯಕ್ಕೆ ಇಳಿಯುವುದು ಖಂಡಿತ. ಹೆರಿಗೆಯ ನಂತರದ ಪ್ರಮಾಣ ಎಷ್ಟೆಂದು ವೈದ್ಯರಿಂದ ಮೊದಲೇ ಬರೆಸಿ, ಆಸ್ಪತ್ರೆಗೆ ಒಯ್ಯುವ ಚೀಲದಲ್ಲಿಡಿ. ಮೊಲೆಯೂಡಿಸುವಾಗಲೂ ಸಕ್ಕರೆ ಇಳಿಯಬಹುದು, ಕೈಗೆಟುಕುವಲ್ಲಿ ಏನಾದರೂ ಇರಲಿ. ಬಸಿರಿನ ಸಕ್ಕರೆ ಕಾಯಿಲೆ ಬಂದಿದ್ದವರು ಹೆರಿಗೆಯಾಗಿ 4ರಿಂದ 12 ವಾರದೊಳಗೆ 75 ಗ್ರಾಂ ಪರೀಕ್ಷೆ ಮತ್ತೆ ಮಾಡಿಸಲೇಬೇಕು. ಮಗುವಿನ ಆರೈಕೆಯ ನಡುವೆ ತಪ್ಪಿಹೋಗುವ ಪರೀಕ್ಷೆ ಇದು. ಮುಂದೆ ಟೈಪ್ 2 ಬರುವ ಅಪಾಯ ಇವರಿಗೆ ಉಳಿದವರಿಗಿಂತ ಸುಮಾರು 10 ಪಟ್ಟು.

ಮುಟ್ಟು ನಿಲ್ಲುವ ಹೊತ್ತು

ಈಸ್ಟ್ರೋಜನ್ ಇಳಿದಂತೆ ಬೀಟಾ ಕೋಶಕ್ಕಿದ್ದ ಆಸರೆ ತಗ್ಗುತ್ತದೆ, ಕೊಬ್ಬು ತೊಡೆಯಿಂದ ಹೊಟ್ಟೆಗೆ ಸರಿದು ಬೇಡಿಕೆಯೂ ಏರುತ್ತದೆ. ಹಾರ್ಮೋನ್ ಮರುಪೂರಣ ಪಡೆದವರಲ್ಲಿ ಸಕ್ಕರೆ ಕಾಯಿಲೆ ಕಡಿಮೆ ಬಂದದ್ದು ನಿಜ: ಅಮೆರಿಕದ ಮಹಿಳಾ ಆರೋಗ್ಯ ಪ್ರಯೋಗದಲ್ಲಿ ಈಸ್ಟ್ರೋಜನ್, ಪ್ರೊಜೆಸ್ಟಿನ್ ಎರಡೂ ಪಡೆದವರಲ್ಲಿ ಅಪಾಯ ಶೇ. 21 ಕಡಿಮೆಯಿತ್ತು. ಆದರೂ ಸಕ್ಕರೆ ತಡೆಯಲೆಂದೇ ಅದನ್ನು ಕೊಡುವುದಿಲ್ಲ, ಏಕೆಂದರೆ ರಕ್ತ ಹೆಪ್ಪುಗಟ್ಟುವುದು, ಪಾರ್ಶ್ವವಾಯು ಮುಂತಾದ ಅಪಾಯಗಳೂ ಜೊತೆಗಿವೆ. ಬಿಸಿ ಹಬೆಯಂಥ (ಇದ್ದಕ್ಕಿದ್ದಂತೆ ಮೈ ಕಾದು ಬೆವರುವ) ತೊಂದರೆಗೆ ಬೇಕೇ ಬೇಕಾದಾಗ, ಗುಳಿಗೆ ಯಕೃತ್ತಿನ ಮೂಲಕ ಹಾದು ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬನ್ನು ಏರಿಸುತ್ತದೆ, ಚರ್ಮಕ್ಕೆ ಹಚ್ಚುವ ಪಟ್ಟಿ ಹಾಗೆ ಮಾಡುವುದಿಲ್ಲ ಎಂಬುದನ್ನು ನೆನಪಿಟ್ಟು ವೈದ್ಯರೊಡನೆ ಮಾತಾಡಿ.

ಈ ವರ್ಷಗಳಲ್ಲಿ ಹಿಂದಕ್ಕೆ ಎಣಿಸುವ ಡೈರಿ ಕೆಲಸಕ್ಕೆ ಬರುವುದಿಲ್ಲ, ಚಕ್ರವೇ ಅಡ್ಡಾದಿಡ್ಡಿ. ವಾರದ ಸರಾಸರಿಗಳನ್ನಷ್ಟೇ ಸಾಲಾಗಿ ಬರೆಯುತ್ತ ಹೋಗಿ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಗುಳಿಗೆಯಲ್ಲಿರುವವರಿಗೆ ಇನ್ನೊಂದು ತೊಡಕಿದೆ. ನಡುರಾತ್ರಿ ಬೆವತು, ಎದೆ ಹೊಡೆದುಕೊಂಡು ಎಚ್ಚರವಾದರೆ ಅದು ಮುಟ್ಟು ನಿಲ್ಲುವ ಕಾಲದ ಬಿಸಿ ಹಬೆಯೋ, ಸಕ್ಕರೆ ಇಳಿದದ್ದೋ ಮೈಗೆ ತಿಳಿಯದು. ಊಹೆಯ ಮೇಲೆ ಸಿಹಿ ತಿಂದರೆ ಬೆಳಿಗ್ಗೆ ಸಕ್ಕರೆ ಏರಿರುತ್ತದೆ, ಹಬೆಯೆಂದು ಮಗ್ಗುಲು ಬದಲಿಸಿ ಮಲಗಿದರೆ ಜೀವಕ್ಕೇ ಅಪಾಯ. ಗ್ಲೂಕೋಮೀಟರನ್ನು ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡು, ಮೊದಲು ಅಳೆಯಿರಿ. 70ಕ್ಕಿಂತ ಕೆಳಗಿದ್ದರೆ 15 ಗ್ರಾಂ ಗ್ಲೂಕೋಸ್ ತೆಗೆದುಕೊಂಡು 15 ನಿಮಿಷ ಬಿಟ್ಟು ಮತ್ತೆ ಅಳೆಯಿರಿ, ಇನ್ನೂ ಕೆಳಗಿದ್ದರೆ ಇನ್ನೊಮ್ಮೆ ಅಷ್ಟೇ ತೆಗೆದುಕೊಳ್ಳಿ. ಅಳೆಯಲು ಯಂತ್ರ ಕೈಗೆ ಸಿಗದಿದ್ದರೆ ಇಳಿದಿದೆ ಎಂದೇ ತಿಳಿದು ಗ್ಲೂಕೋಸ್ ತೆಗೆದುಕೊಳ್ಳಿ. 70ಕ್ಕಿಂತ ಮೇಲಿದ್ದರೆ ಗಂಟೆಯನ್ನೂ ಸಂಖ್ಯೆಯನ್ನೂ ಬರೆದಿಟ್ಟು ಕಿಟಕಿ ತೆರೆಯಿರಿ.